ಸಾವಾನ್ಯಾಂ ಅನ್ನೋ ದ್ರಾಕ್ಷಿ ಹುಡುಕ್ಕೊಂಡು ಜುರಾಗೆ

ಗುರುವಾರ, ಡಿಜೋನ್‌ನಿಂದ ಆರ್ಬುವಾ

ಫ್ರಾನ್ಸ್ ವೈನ್ ಅಂದ್ರೆ ಬೋರ್ಡೋ, ಬರ್ಗಂಡಿ, ಶಾಂಪೇನ್ ಅಂತ ಶುರು ಮಾಡ್ತಾರೆ ಎಲ್ರೂ, ಜುರಾ ಹೆಸರು ಬರೋದೇ ಇಲ್ಲ. ಬರ್ಗಂಡಿಯಿಂದ ಪೂರ್ವಕ್ಕೆ, ಸ್ವಿಟ್ಜರ್ಲೆಂಡ್ ಗಡಿ ಕಡೆ ಹೋಗ್ತಾ ಮೊದಲು ಬರೀ ಚಪ್ಪಟೆ ಬಯಲು, ಜೋಳದ ಹೊಲ, ಆಮೇಲೆ ಇದ್ದಕ್ಕಿದ್ದಂಗೆ ಗುಡ್ಡದ ಸಾಲು ಎದ್ದು ನಿಲ್ಲುತ್ತೆ, ಆ ಗುಡ್ಡದ ಇಳಿಜಾರಲ್ಲೇ ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಉದ್ದಕ್ಕೆ ಒಂದು ಪಟ್ಟಿ ಥರ ದ್ರಾಕ್ಷಿ ತೋಟಗಳು. ಈಗ ಇರೋದು ಸುಮಾರು 2000 ಹೆಕ್ಟೇರ್ ಅಷ್ಟೇ. ಫಿಲಾಕ್ಸೆರಾ ಅನ್ನೋ ಬೇರು ತಿನ್ನೋ ಕೀಟ ಬರೋಕ್ ಮುಂಚೆ, 19ನೇ ಶತಮಾನದಲ್ಲಿ, ಇದರ ಹತ್ತರಷ್ಟು ಇತ್ತಂತೆ.

ನನಗೆ ಬೇಕಾಗಿದ್ದು ಒಂದೇ ದ್ರಾಕ್ಷಿ, ಸಾವಾನ್ಯಾಂ. ಬಿಳಿ ದ್ರಾಕ್ಷಿ. ಇದರ ಬಗ್ಗೆ ಓದಿದಾಗೆಲ್ಲ ಅಕ್ರೋಟು, ಕರಿ ಪೌಡರ್ ಅಂದ್ರೆ ಮಸಾಲೆ ಪುಡಿ, ಸ್ಪೇನಿನ ಶೆರಿ ವೈನ್ ಥರ ವಾಸನೆ ಅಂತಾನೇ ಬರೆದಿರ್ತಾರೆ. ಅದು ದ್ರಾಕ್ಷಿಯ ರುಚಿನಾ ಅಥವಾ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು ತರಿಸಿದ ರುಚಿನಾ ಅಂತ ತಿಳ್ಕೊಬೇಕಿತ್ತು, ಅಷ್ಟೇ ಉದ್ದೇಶ. ಅಕ್ಕ ಭಾವ ಡಿಜೋನ್‌ನಲ್ಲಿ ಇರೋದ್ರಿಂದ ಕಾರು, ಫ್ರೆಂಚ್ ಭಾಷೆ ಎರಡೂ ಫ್ರೀ ಆಗಿ ಸಿಕ್ತು. ಅಕ್ಕ ಕುಡಿಯಲ್ಲ. ಭಾವ ಕುಡೀತಾರೆ ಆದ್ರೆ ಡ್ರೈವ್ ಮಾಡ್ಬೇಕು, ಇಲ್ಲಿ ಲೀಟರ್ ರಕ್ತಕ್ಕೆ 0.5 ಗ್ರಾಂ ಲಿಮಿಟ್, ಹಾಗಾಗಿ ಅವರು ಬಾಯಿಗೆ ಹಾಕ್ಕೊಂಡು ಉಗೀತಾ ಬಂದ್ರು ಪಾಪ.

ಆರ್ಬುವಾ ಚಿಕ್ಕ ಊರು, ಮಧ್ಯೆ ಕ್ವಿಜಾನ್ಸ್ ಅನ್ನೋ ಹೊಳೆ, ಹಳದಿ ಕಲ್ಲಿನ ಮನೆಗಳು, ಚರ್ಚಿನ ಎತ್ತರದ ಗೋಪುರ. ಇದು ಫ್ರಾನ್ಸಿನ ಅಪೆಲಾಸಿಯೋಂ ಪದ್ಧತಿ ಅಂದ್ರೆ ಇಂಥ ಊರಿನ ವೈನಿಗೆ ಇಂಥದೇ ನಿಯಮ ಅನ್ನೋ ಕಾನೂನು ಬಂದ ಮೇಲೆ, 1936ರಲ್ಲಿ, ಅದನ್ನ ಮೊದಲು ಪಡೆದ ಊರುಗಳಲ್ಲಿ ಒಂದು. ಚೌಕದ ಸುತ್ತ ಪೂರ್ತಿ ವೈನ್ ಅಂಗಡಿಗಳೇ.

ಸಂಜೆ ಒಂದು ಸಣ್ಣ ಕೇವ್‌ಗೆ, ಅಂದ್ರೆ ವೈನ್ ಇಡೋ ನೆಲಮಾಳಿಗೆಗೆ, ಹೋದ್ವಿ. ಅಲ್ಲಿದ್ದ ಆಯಮ್ಮ ಮೊದಲು ಕೆಂಪು ವೈನ್ ಸುರಿದ್ರು. ನಾನು ಬಿಳಿ ಕೇಳಿದ್ದು ಅಂತ ಭಾವನ ಕಡೆ ನೋಡಿದೆ.

"ಇಲ್ಲಿ ಹಂಗೇ ಕಣೋ, ಕೆಂಪು ಮೊದಲು, ಬಿಳಿ ಆಮೇಲೆ" ಅಂದ್ರು ಭಾವ.

ಕಾರಣ ಗ್ಲಾಸಲ್ಲೇ ಗೊತ್ತಾಯ್ತು. ಇಲ್ಲಿನ ಪುಲ್ಸಾರ್ ದ್ರಾಕ್ಷಿಯ ಕೆಂಪು ವೈನ್ ನೀರು ಬೆರೆಸಿದ ದಾಳಿಂಬೆ ರಸದ ಬಣ್ಣದ್ದು, ತುಂಬಾ ಮೆತ್ತಗೆ. ಬಿಳಿಯದ್ದೇ ಜೋರು, ಅದನ್ನ ಮೊದಲು ಕುಡಿದ್ರೆ ಆಮೇಲೆ ಕೆಂಪಿನ ರುಚಿನೇ ಗೊತ್ತಾಗಲ್ಲ.

ಆಮೇಲೆ ಬಂತು ಸಾವಾನ್ಯಾಂ, ಎರಡು ಗ್ಲಾಸಲ್ಲಿ, ಅಕ್ಕಪಕ್ಕ. ಒಂದೇ ತೋಟ, ಒಂದೇ ದ್ರಾಕ್ಷಿ. ಮೊದಲನೇದು ಉಯ್ಯೆ, ಅಂದ್ರೆ ಪೀಪಾಯಿಯಲ್ಲಿ ವೈನ್ ಆವಿಯಾಗಿ ಕಮ್ಮಿ ಆದಂಗೆಲ್ಲ ಮೇಲಿಂದ ಮತ್ತೆ ತುಂಬಿಸ್ತಾ ಗಾಳಿ ತಾಗದಂಗೆ ನೋಡ್ಕೊಂಡಿದ್ದು. ಎರಡನೇದು ಸು ವುವಾಲ್, ಅಂದ್ರೆ ತುಂಬಿಸದೇ ಹಾಗೇ ಬಿಟ್ಟಿದ್ದು, ಮೇಲೆ ಯೀಸ್ಟಿನ ಪದರ ಕಟ್ಟಿಕೊಂಡಿದ್ದು. ಕಣ್ಣು ಕಟ್ಟಿ ಕೊಟ್ಟಿದ್ರೆ ಎರಡೂ ಒಂದೇ ದ್ರಾಕ್ಷಿ ಅಂತ ದೇವರಾಣೆ ಹೇಳ್ತಿರ್ಲಿಲ್ಲ. ಉಯ್ಯೆ ನಿಂಬೆ ಸಿಪ್ಪೆ, ಬಿಳಿ ಹೂವು, ಕೊನೇಲಿ ಸ್ವಲ್ಪ ಉಪ್ಪುಪ್ಪು, ಹುಳಿ ಮಾತ್ರ ಹಲ್ಲು ಚುಳ್ ಅನ್ನೋಷ್ಟು. ಇನ್ನೊಂದಕ್ಕೆ ಮೂಗು ಹಾಕಿದ್ರೆ ಸೀದಾ ಅಕ್ರೋಟು, ಹಸಿ ಸೇಬು, ಇನ್ನೂ ಏನೋ ಒಂದು ಗುರುತಿರೋ ವಾಸನೆ, ಬಾಯಿಗೆ ಬರ್ತಿಲ್ಲ. ಅಕ್ಕಂಗೆ ಗ್ಲಾಸ್ ಕೊಟ್ಟೆ, ಮೂಸಿ ನೋಡು ಸಾಕು ಅಂತ.

"ಮೆಂತ್ಯ" ಅಂದ್ಲು, ಒಂದು ಸೆಕೆಂಡೂ ಯೋಚನೆ ಮಾಡದೆ. "ಹುರಿದ ಮೆಂತ್ಯ ಕಣೋ, ಇಷ್ಟೂ ಗೊತ್ತಾಗಲ್ವಾ?"

ರಾತ್ರಿ ರೂಮಿಗೆ ಬಂದು ಓದಿದ್ರೆ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಈ ವೈನಿನ ವಾಸನೆಗೆ ಮುಖ್ಯ ಕಾರಣ ಸೊಟೊಲಾನ್ ಅನ್ನೋ ಕೆಮಿಕಲ್, ಮೆಂತ್ಯದ ವಾಸನೆಗೂ ಅದೇ ಕಾರಣ, ಶುದ್ಧ ಮಾಡದ ಕಬ್ಬಿನ ಸಕ್ಕರೆಯಲ್ಲೂ ಅದೇ ಇರೋದು. ಯುರೋಪಿನವರು ಕರಿ ಪೌಡರ್ ಅಂತ ಬರೆಯೋದು ಯಾಕೆ ಅಂತ ಆಗ ತಲೆಗೆ ಹೋಯ್ತು, ಅವರ ಕರಿ ಪೌಡರ್ ಡಬ್ಬಿಯಲ್ಲಿ ಮೂಗಿಗೆ ಹೊಡೆಯೋದು ಮೆಂತ್ಯನೇ ತಾನೇ.

ಶುಕ್ರವಾರ, ತೋಟ ಮತ್ತೆ ಪಾಶ್ಚರ್ ಮನೆ

ಅಕ್ಟೋಬರ್ ಮೊದಲ ವಾರ. ಶಾರ್ಡನೇ ಅನ್ನೋ ಇನ್ನೊಂದು ಬಿಳಿ ದ್ರಾಕ್ಷಿ, ಪುಲ್ಸಾರ್ ಎಲ್ಲ ಕಿತ್ತಾಗಿತ್ತು, ಸಾವಾನ್ಯಾಂ ಮಾತ್ರ ಇನ್ನೂ ಕೆಲವು ಸಾಲಲ್ಲಿ ನೇತಾಡ್ತಿತ್ತು, ಇದು ಹಣ್ಣಾಗೋದೇ ಲೇಟು. ಆರ್ಬುವಾ ಪಕ್ಕದ ಪುಪಿಯ್ಯಾಂ ಹಳ್ಳಿ ಹತ್ರ ಒಬ್ಬ ರೈತರು ತೋಟದೊಳಗೆ ಕರ್ಕೊಂಡು ಹೋದ್ರು. ಎಲೆ ಚಿಕ್ಕದು, ದುಂಡಗೆ. ಗೊಂಚಲೂ ಚಿಕ್ಕದೇ, ಮುಷ್ಟಿಯೊಳಗೆ ಹಿಡಿಸುತ್ತೆ, ಕಾಳು ಒತ್ತೊತ್ತಾಗಿ ಕೂತಿರುತ್ತೆ. ಕೇಳಿ ಒಂದೆರಡು ಕಾಳು ಬಾಯಿಗೆ ಹಾಕ್ಕೊಂಡೆ. ಸಿಪ್ಪೆ ದಪ್ಪ, ಒಳಗೆ ಸಿಹಿ ಇದೆ, ಚೆನ್ನಾಗೇ ಇದೆ, ಆದ್ರೆ ಆ ಸಿಹಿ ಹಿಂದೆನೇ ಹುಳಿ ಬಂದು ಕೂತ್ಕೊಳುತ್ತೆ, ಹೋಗೋದೇ ಇಲ್ಲ. ಸಾಮಾನ್ಯವಾಗಿ ದ್ರಾಕ್ಷಿ ಹಣ್ಣಾಗ್ತಾ ಸಿಹಿ ಏರಿ ಹುಳಿ ಇಳಿಯುತ್ತೆ, ಇದರಲ್ಲಿ ಸಿಹಿ ಎಷ್ಟೇ ಏರಿದ್ರೂ ಹುಳಿ ಜಾಗ ಬಿಟ್ಟುಕೊಡಲ್ಲ. ಮೆಂತ್ಯನೂ ಇಲ್ಲ ಅಕ್ರೋಟೂ ಇಲ್ಲ ಅಂತ ನಾನು ಮನಸಲ್ಲೇ ಟಿಕ್ ಹಾಕ್ಕೊಂಡೆ.

ಕಾಲ ಕೆಳಗಿನ ಮಣ್ಣು ನೋಡೋ ಥರ ಇತ್ತು. ಬೂದು ನೀಲಿ ಬಣ್ಣದ ಜೇಡಿ, ಇದನ್ನ ಮಾರ್ಲ್ ಅಂತಾರೆ, ಹಳೇ ಸಮುದ್ರದ ತಳದ ಕೆಸರು ಇದು. ಜುರಾಸಿಕ್ ಯುಗ ಅಂತ ಹೆಸರು ಬಂದಿರೋದೇ ಈ ಬೆಟ್ಟಗಳಿಂದ. ಮಳೆ ಬಂದ್ರೆ ಶೂಗೆ ಅಂಟಿಕೊಂಡು ಒಂದೊಂದು ಕಾಲು ಎರಡೆರಡು ಕೆಜಿ ಆಗುತ್ತೆ, ಒಣಗಿದ್ರೆ ಸಿಮೆಂಟು. ಸುಣ್ಣಕಲ್ಲಿನ ಜಾಗ ಶಾರ್ಡನೇಗೆ ಬಿಟ್ಟು, ಈ ಮಾರ್ಲ್ ಇರೋ ಕಡಿದಾದ ಬಿಸಿಲು ಬೀಳೋ ಜಾಗ ಸಾವಾನ್ಯಾಂಗೆ ಕೊಡ್ತೀವಿ ಅಂದ್ರು ಅವರು. ಆದ್ರೂ ಇಳುವರಿ ಕಮ್ಮಿ, ಏಪ್ರಿಲ್‌ನ ಫ್ರಾಸ್ಟ್ ಅಂದ್ರೆ ಚಿಗುರು ಹೆಪ್ಪುಗಟ್ಟಿಸೋ ಚಳಿ ಬೇರೆ. 2021ರಲ್ಲಿ ಒಂದೇ ಸಲಕ್ಕೆ ಜುರಾದ ಎಷ್ಟೋ ತೋಟಗಳ ಚಿಗುರು ಸುಟ್ಟು ಹೋಗಿತ್ತು.

ಮಧ್ಯಾಹ್ನ ಲೂಯಿ ಪಾಶ್ಚರ್ ಮನೆ. ಹೌದು, ಹಾಲಿನ ಪ್ಯಾಕೆಟ್ ಮೇಲೆ ಬರೆದಿರ್ತಾರಲ್ಲ ಪಾಶ್ಚರೀಕರಿಸಿದ ಅಂತ, ಅದೇ ಪಾಶ್ಚರ್. ಬೆಳೆದಿದ್ದು ಆರ್ಬುವಾದಲ್ಲಿ, ಅಪ್ಪ ಚರ್ಮ ಹದ ಮಾಡೋರು, ಹೊಳೆ ದಂಡೆ ಮೇಲೇ ಮನೆ. 1863ರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ ವೈನ್ ಯಾಕೆ ಕೆಡುತ್ತೆ ನೋಡಿ ಅಂತ ಇವರಿಗೆ ಹೇಳಿದಾಗ, ಇವರು ಸೀದಾ ತಮ್ಮೂರಿಗೆ ಬಂದು ಇಲ್ಲಿನ ವೈನ್ ಮೇಲೇ ಮೈಕ್ರೋಸ್ಕೋಪ್ ಇಟ್ರು. ವೈನನ್ನ ಸ್ವಲ್ಪ ಹೊತ್ತು 60 ಡಿಗ್ರಿ ಆಸುಪಾಸು ಬಿಸಿ ಮಾಡಿದ್ರೆ ಕೆಡಿಸೋ ಜೀವಿಗಳು ಸಾಯ್ತವೆ ಅಂತ ಕಂಡುಕೊಂಡಿದ್ದು ಆ ಕೆಲಸದಲ್ಲೇ, ಹಾಲಿಗೆ ಬಂದಿದ್ದು ಆಮೇಲೆ.

ನನಗೆ ಇನ್ನೂ ಇಷ್ಟ ಆಗಿದ್ದು ಅವರ ತೋಟದ ಕಥೆ. 1874ರಲ್ಲಿ ರೊಝಿಯೇರ್ ಅನ್ನೋ ಜಾಗದಲ್ಲಿ ಒಂದು ದ್ರಾಕ್ಷಿ ತೋಟ ತಗೊಂಡ್ರು. 1878ರಲ್ಲಿ ದ್ರಾಕ್ಷಿಗೆ ಯೀಸ್ಟ್ ಬರೋದು ಹೊರಗಡೆಯಿಂದ, ಒಳಗೆ ತಾನಾಗೇ ಹುಟ್ಟಲ್ಲ ಅಂತ ಪ್ರೂವ್ ಮಾಡ್ಬೇಕಿತ್ತು, ಅದಕ್ಕೆ ಬಳ್ಳಿಗಳ ಮೇಲೆ ಗಾಜಿನ ಮನೆ ಕಟ್ಟಿಸಿ, ಗೊಂಚಲಿಗೆ ಹತ್ತಿ ಸುತ್ತಿ ಕಾಪಾಡಿದ್ರು. ಆ ದ್ರಾಕ್ಷಿ ಹಿಂಡಿದ್ರೆ ರಸ ಹುದುಗಲೇ ಇಲ್ಲ. ವಿಜ್ಞಾನಿಗೆ ಜಗಳ ಗೆಲ್ಲೋ ಹಠ ಇದ್ರೆ ಎಷ್ಟು ಒಳ್ಳೇದು ನೋಡಿ. ಸೂಕ್ಷ್ಮ ಜೀವಿಗಳು ವೈನ್ ಕೆಡಿಸ್ತವೆ ಅಂತ ಲೋಕಕ್ಕೆ ಹೇಳಿದ ಮನುಷ್ಯನ ಊರಲ್ಲೇ ವೈನ್ ಮೇಲೆ ಯೀಸ್ಟ್ ಬೆಳೆಯೋಕೆ ಬಿಟ್ಟು ವರ್ಷಗಟ್ಟಲೆ ಕಾಯ್ತಾರೆ!

ರಾತ್ರಿ ಊಟಕ್ಕೆ ಕೂತಾಗ ಭಾವ ಕೇಳಿದ್ರು, "ಅಲ್ವೋ, ಇಷ್ಟು ದೂರ ಬಂದಿದೀಯ, ಈ ದ್ರಾಕ್ಷಿ ಬೇರೆಲ್ಲೂ ಇಲ್ವಾ?"

ಇದೆ, ಬೇರೆ ಬೇರೆ ಹೆಸರಲ್ಲಿ. ಸ್ವಿಟ್ಜರ್ಲೆಂಡಿನ ವಾಲೇ ಕಣಿವೆಯಲ್ಲಿ ಹೈಡಾ ಅಂತಾರೆ. ಜರ್ಮನ್ ಕಡೆಯ ಟ್ರಮೀನರ್ ಇದೇ ತಳಿ, ಗುಲಾಬಿ ವಾಸನೆಯ ಗೆವುರ್ಟ್ಸ್‌ಟ್ರಮೀನರ್ ಅಂತೀವಲ್ಲ ಅದು ಇದೇ ಬಳ್ಳಿಯಲ್ಲಿ ಆದ ಮ್ಯುಟೇಶನ್. ಆಸ್ಟ್ರೇಲಿಯಾದ್ದಂತೂ ತಮಾಷೆ, ಅಲ್ಲಿ ರೈತರು ಸ್ಪೇನಿನ ಅಲ್ಬರಿನ್ಯೊ ಅಂತ ನಂಬಿ ವರ್ಷಗಟ್ಟಲೆ ಬೆಳೆದು ಮಾರಿದ್ರು, ಒಬ್ಬ ಫ್ರೆಂಚ್ ತಜ್ಞರು ತೋಟ ನೋಡಿ ಅನುಮಾನ ಪಟ್ರು, 2009ರಲ್ಲಿ ಡಿಎನ್ಎ ಟೆಸ್ಟಿನಲ್ಲಿ ಸಾವಾನ್ಯಾಂ ಅಂತ ಖಾತ್ರಿ ಆಯ್ತು, ಲೇಬಲ್ ಎಲ್ಲ ಬದಲಾಯಿಸ್ಬೇಕಾಯ್ತು. ಇನ್ನು ಸಂಬಂಧ ಹುಡುಕ್ತಾ ಹೋದ್ರೆ ಸೋವಿನ್ಯೋನ್ ಬ್ಲಾಂಕ್, ಶೆನಿನ್ ಬ್ಲಾಂಕ್, ಆಸ್ಟ್ರಿಯಾದ ಗ್ರುನರ್ ವೆಲ್ಟ್‌ಲೀನರ್ ಎಲ್ಲ ಇದರ ಮಕ್ಕಳು. ಸೋವಿನ್ಯೋನ್ ಬ್ಲಾಂಕ್ ಮಗ ಕ್ಯಾಬರ್ನೆ ಸೋವಿನ್ಯೋನ್, ಅಂದ್ರೆ ಲೋಕದಲ್ಲೆಲ್ಲ ಮೆರೆಯೋ ಆ ಕೆಂಪು ದ್ರಾಕ್ಷಿಗೆ ಇದು ಅಜ್ಜಿ. ಓರ್ಲೆಯಾನ್ ಊರಲ್ಲಿ ಅಗೆದಾಗ ಸಿಕ್ಕ ಸುಮಾರು 900 ವರ್ಷ ಹಳೇ ದ್ರಾಕ್ಷಿ ಬೀಜದ ಡಿಎನ್ಎ ನೋಡಿದ್ರೆ ಇವತ್ತಿನ ಸಾವಾನ್ಯಾಂ ಜೊತೆ ಏನೂ ವ್ಯತ್ಯಾಸ ಇಲ್ಲ ಅಂತ 2019ರಲ್ಲಿ ಪ್ರಕಟ ಆಯ್ತು. ಬೀಜದಿಂದ ಬೆಳೆಸಿದ್ರೆ ತಳಿ ಬದಲಾಗುತ್ತೆ, ಹಾಗಾಗಿ ಅಷ್ಟು ಕಾಲದಿಂದಲೂ ಯಾರೋ ಒಬ್ರಲ್ಲ ಒಬ್ರು ಕಡ್ಡಿ ಕತ್ತರಿಸಿ ನೆಡ್ತಾನೇ ಬಂದಿದಾರೆ ಅಂತ ಆಯ್ತಲ್ಲ.

"ಮಕ್ಕಳು ಮೊಮ್ಮಕ್ಕಳೆಲ್ಲ ಫೇಮಸ್ಸು, ಅಜ್ಜಿ ಮಾತ್ರ ಊರು ಬಿಟ್ಟು ಬರಲ್ಲ" ಅಂದ್ಲು ಅಕ್ಕ.

ಶನಿವಾರ, ಶಾಟೊ-ಶಲೋಂ

ಇಲ್ಲಿಗೆ ಬರೋಕೇ ಇಷ್ಟೆಲ್ಲ. ಕಡಿದಾದ ಬಂಡೆಯ ತುದಿಯಲ್ಲಿ ಹಳ್ಳಿ, ಕೆಳಗೆ ಪಾವಟಿಗೆ ಥರ ದ್ರಾಕ್ಷಿ ತೋಟ. ಒಂದು ಕಾಲದಲ್ಲಿ ಸನ್ಯಾಸಿನಿಯರ ಮಠ ಇತ್ತು. ಶಾಟೊ-ಶಲೋಂ ಅನ್ನೋ ಹೆಸರಲ್ಲಿ ಒಂದೇ ಥರದ ವೈನ್ ಮಾಡೋಕೆ ಅವಕಾಶ, ಅದು ವ್ಯಾಂ ಜೋನ್, ಹಳದಿ ವೈನ್, ದ್ರಾಕ್ಷಿ ಸಾವಾನ್ಯಾಂ ಒಂದೇ. ಕೊಯ್ಲಿಗೆ ಮುಂಚೆ ಒಂದು ಸಮಿತಿ ಬಂದು ತೋಟ ನೋಡುತ್ತೆ, ಹಣ್ಣು ಸರಿ ಇಲ್ಲ ಅನಿಸಿದ್ರೆ ಆ ವರ್ಷ ಹೆಸರೇ ಇಲ್ಲ. 1974, 1980, 1984, 2001, ಈ ವರ್ಷಗಳ ಶಾಟೊ-ಶಲೋಂ ಬಾಟಲಿ ಹುಡುಕಿದ್ರೂ ಸಿಗಲ್ಲ, ಮಾಡೇ ಇಲ್ಲ. ಬೆಳೆಗಾರರೇ ಕೂತು ಬೇಡ ಅನ್ನೋದು ಅಂದ್ರೆ ಸಣ್ಣ ಮಾತಾ, ಆ ವರ್ಷದ ಸಂಪಾದನೆ ಅದು.

ಕೇವ್ ತೋರಿಸಿದ್ದು ಮಧ್ಯವಯಸ್ಸಿನ ಒಬ್ರು, ತಾತನ ಕಾಲದಿಂದ ಇದೇ ಕೆಲಸ. ವೈನ್ ಕೇವ್ ಅಂದ್ರೆ ನೆಲದ ಕೆಳಗೆ ತಣ್ಣಗೆ ಒಂದೇ ಟೆಂಪರೇಚರ್ ಅಂತ ಅಂದ್ಕೊಂಡಿದ್ವಿ, ಇಲ್ಲಿ ವ್ಯಾಂ ಜೋನ್ ಪೀಪಾಯಿಗಳನ್ನ ಬೇಕು ಅಂತಾನೇ ಬೇಸಿಗೆಯಲ್ಲಿ ಬಿಸಿ, ಚಳಿಗಾಲದಲ್ಲಿ ಚಳಿ ತಾಗೋ ಒಣ ಜಾಗದಲ್ಲಿ ಇಟ್ಟಿದ್ರು. ಬಿಸಿಯಲ್ಲಿ ಯೀಸ್ಟ್ ಎದ್ದು ಕೆಲಸ ಮಾಡುತ್ತೆ, ಚಳಿಯಲ್ಲಿ ಮಲಗುತ್ತೆ, ಈ ಏರಿಳಿತ ಬೇಕಂತೆ. 228 ಲೀಟರಿನ ಹಳೇ ಓಕ್ ಪೀಪಾಯಿಗಳು, ಹೊಸ ಮರದ ವಾಸನೆ ಬೇಡ ಅಂತ. ಒಂದು ಪೀಪಾಯಿಯ ಮುಖಕ್ಕೆ ಗಾಜು ಹಾಕಿಸಿದ್ರು, ಟಾರ್ಚ್ ಬಿಟ್ಟು ತೋರಿಸಿದ್ರು. ಹೊಂಬಣ್ಣದ ವೈನ್, ಅದರ ಮೇಲೆ ಬೂದು ಬಿಳಿ ಪದರ, ಅಲ್ಲಲ್ಲಿ ಸುಕ್ಕು, ಕಾಯಿಸಿಟ್ಟ ಹಾಲಿನ ಮೇಲಿನ ಕೆನೆ ಹೆಂಗಿರುತ್ತೋ ಹಂಗೆ. ರುಚಿ ನೋಡೋಕೆ ಮೇಲಿನ ಬಾಯಿ ತೆಗೆಯಲ್ಲ, ಪದರ ಒಡೆಯುತ್ತೆ ಅಂತ. ಪೀಪಾಯಿ ಮುಖದಲ್ಲೇ ಕೆಳಗಡೆ ಒಂದು ಪುಟ್ಟ ನಲ್ಲಿ, ಅಲ್ಲಿಂದ ಒಂದು ಗುಟುಕು ಇಳಿಸ್ತಾರೆ.

ಆ ಪದರ ಎರಡು ಕೆಲಸ ಮಾಡುತ್ತೆ. ಗಾಳಿಗೂ ವೈನಿಗೂ ಮಧ್ಯೆ ಅಡ್ಡ ನಿಂತು ವಿನೆಗರ್ ಆಗೋದನ್ನ ತಡೆಯುತ್ತೆ, ಜೊತೆಗೆ ತಾನು ಬದುಕೋಕೆ ವೈನಿನ ಆಲ್ಕೋಹಾಲ್ ತಿಂದು ಅಸಿಟಾಲ್ಡಿಹೈಡ್ ಬಿಡುತ್ತೆ, ಹಸಿ ಸೇಬು ವಾಸನೆ ಅಲ್ಲಿಂದ. ಸೊಟೊಲಾನ್ ನಿಧಾನಕ್ಕೆ ವರ್ಷಗಳ ಮೇಲೆ ಕೂಡ್ಕೊಳುತ್ತೆ. ಎಲ್ಲ ಪೀಪಾಯಿನೂ ಗೆಲ್ಲಲ್ಲ. ಆಗಾಗ ಸ್ಯಾಂಪಲ್ ಲ್ಯಾಬಿಗೆ ಹೋಗುತ್ತೆ, ಹುಳಿ ತಿರುಗೋ ಲಕ್ಷಣ ಕಂಡ್ರೆ ಆ ಪೀಪಾಯಿ ಹೊರಗೆ. ಮುಂಚೆನೇ ತೆಗೆದದ್ದು ಸಾದಾ ಸಾವಾನ್ಯಾಂ ಅಂತ ಬಾಟಲಿಗೆ ಹೋಗುತ್ತೆ, ಅಥವಾ ಶಾರ್ಡನೇ ಜೊತೆ ಬೆರೆಯುತ್ತೆ, ತೀರಾ ಕೆಟ್ಟಿದ್ದು ವಿನೆಗರ್. ಉಳಿದಿದ್ದಕ್ಕೆ ನಿಯಮ ಏನಂದ್ರೆ ಕೊಯ್ಲಾದ ಆರನೇ ವರ್ಷದ ಡಿಸೆಂಬರ್ 15ರ ತನಕ ಕಾಯ್ಬೇಕು, ಅದರಲ್ಲಿ ಕನಿಷ್ಠ 60 ತಿಂಗಳು ಪದರದ ಕೆಳಗೆ. 2018ರಲ್ಲಿ ಕಿತ್ತಿದ್ದು 2024ರ ಡಿಸೆಂಬರ್‌ಗೆ. ಅಷ್ಟರಲ್ಲಿ ಪೀಪಾಯಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆವಿ ಆಗಿ ಹೋಗಿರುತ್ತೆ. ಒಂದು ಲೀಟರಿಗೆ 62 ಸೆಂಟಿಲೀಟರ್ ಉಳಿಯುತ್ತೆ, ಅದಕ್ಕೇ ವ್ಯಾಂ ಜೋನ್ ಬಾಟಲಿ 62 ಸೆಂಟಿಲೀಟರಿಂದು ಅಂತ ಹೇಳ್ತಾರೆ. ಕ್ಲಾವ್ಲ್ಯಾಂ ಅಂತ ಅದರ ಹೆಸರು, ಗಿಡ್ಡಗೆ ಅಗಲ ಭುಜದ ಬಾಟಲಿ.

ನಾನು ನನ್ನ ಪ್ರಶ್ನೆ ಇಟ್ಟೆ, ಭಾವ ಫ್ರೆಂಚಿಗೆ ತಿರುಗಿಸಿದ್ರು. ಇದೆಲ್ಲ ಯೀಸ್ಟಿನ ರುಚಿ ಅಲ್ವಾ, ದ್ರಾಕ್ಷಿ ಯಾವುದಾದ್ರೇನು?

ಅವರು ನಗಲಿಲ್ಲ, ಬೇಜಾರೂ ಮಾಡ್ಕೊಳ್ಳಲಿಲ್ಲ. ಒಳಗೆ ಹೋಗಿ ಪದರದ ಕೆಳಗೆ ಇಟ್ಟಿದ್ದ ಶಾರ್ಡನೇ ತಂದು ಸುರಿದ್ರು, ಎರಡ್ಮೂರು ವರ್ಷ ಇಟ್ಟಿದ್ದು. ಚೆನ್ನಾಗಿತ್ತು, ಅಕ್ರೋಟು ಎಲ್ಲ ಇತ್ತು, ಆದ್ರೆ ಬಾಯಲ್ಲಿ ಬೆನ್ನೆಲುಬು ಇಲ್ಲ, ನುಂಗಿದ ಮೇಲೆ ಮುಗೀತು. ಪಕ್ಕದಲ್ಲಿ ಶಾಟೊ-ಶಲೋಂ. ಬಣ್ಣ ಹಳೇ ಚಿನ್ನ, ಮೂಗಿಗೆ ಅದೇ ಅಕ್ರೋಟು ಮೆಂತ್ಯ, ಇನ್ನೂ ಗಾಢ, ಆದ್ರೆ ಬಾಯಿಗೆ ಹೋದ್ಮೇಲೆ ನಿನ್ನೆ ತೋಟದಲ್ಲಿ ಕಚ್ಚಿದ ಕಾಳಿನ ಹುಳಿ ಇತ್ತಲ್ಲ, ಜಾಗ ಬಿಟ್ಟುಕೊಡದ ಹುಳಿ, ಅದು ಹಂಗೇ ಇದೆ, ಆರು ವರ್ಷ ಆದ್ಮೇಲೂ. ಅದರ ಮೇಲೇ ಮಿಕ್ಕಿದ್ದೆಲ್ಲ ನಿಂತಿದೆ. ಯೀಸ್ಟ್ ಯಾವ ವೈನ್ ಮೇಲೆ ಬೇಕಾದ್ರೂ ಕೂರಬಹುದು, ಅಷ್ಟು ವರ್ಷ ಅದನ್ನ ಹೊರೋ ಶಕ್ತಿ ಇರೋದು ಇದಕ್ಕೆ. ಗ್ಲಾಸ್ ಖಾಲಿ ಆದ್ಮೇಲೂ, ಕಾರ್ ಪಾರ್ಕಿಂಗ್ ತನಕ ನಡ್ಕೊಂಡು ಬಂದ್ಮೇಲೂ ನಾಲಿಗೆ ಮೇಲೆ ರುಚಿ ಇತ್ತು. ಎಷ್ಟು ವರ್ಷ ಇಡಬಹುದು ಅಂತ ಕೇಳಿದ್ದಕ್ಕೆ ನಿಮ್ಮ ಮೊಮ್ಮಕ್ಕಳು ಕುಡಿಯಬಹುದು ಅಂದ್ರು. 1774ರ ಒಂದು ವ್ಯಾಂ ಜೋನ್ ಬಾಟಲಿ 2018ರಲ್ಲಿ ಇಲ್ಲೇ ಹತ್ರದ ಲೋನ್ಸ್-ಲ-ಸೊನಿಯೆ ಊರಲ್ಲಿ 1,03,700 ಯೂರೋಗೆ ಹರಾಜಾಗಿದೆ, ಹಾಗಾಗಿ ಅವರು ಹೇಳಿದ್ದು ಬಡಾಯಿ ಅಲ್ಲ.

ರಾತ್ರಿ ಊಟ ವ್ಯಾಂ ಜೋನ್ ಮತ್ತು ಮೊರೆಲ್ ಅಣಬೆ ಹಾಕಿದ ಕೋಳಿ, ಕೆನೆಯ ಸಾಸ್. ಅಕ್ಕಂಗೆ ಬರೀ ಅಣಬೆ, ಬ್ರೆಡ್ ಮೇಲೆ. ಅಡುಗೆಗೂ ಆ ದುಬಾರಿ ವೈನ್ ಹಾಕ್ತೀರಾ ಅಂದ್ರೆ, ಬೇಯಿಸೋಕೆ ಸಾದಾ ಸಾವಾನ್ಯಾಂ, ಇಳಿಸೋ ಮುಂಚೆ ಒಂದು ಚಮಚ ವ್ಯಾಂ ಜೋನ್ ಅಂದ್ರು ಹೋಟೆಲಿನವರು. ಬುದ್ಧಿವಂತರು.

ಭಾನುವಾರ, ಲೆತ್ವಾಲ್

ಅಂಗಡಿ ಯಾವುದೂ ತೆರೆದಿರಲಿಲ್ಲ. ಲೆತ್ವಾಲ್ ಹಳ್ಳಿಯ ತೋಟದ ದಾರಿಯಲ್ಲಿ ಅಡ್ಡಾಡಿದ್ವಿ, ಅಲ್ಲಿ ಮಣ್ಣಲ್ಲಿ ನಕ್ಷತ್ರದ ಆಕಾರದ ಪುಟ್ಟ ಪಳೆಯುಳಿಕೆ ಸಿಗುತ್ತೆ, ಸಮುದ್ರದಲ್ಲಿದ್ದ ಕ್ರೈನಾಯ್ಡ್ ಅನ್ನೋ ಜೀವಿಯ ಕಾಂಡದ ಚೂರುಗಳು. ಅಕ್ಕಂಗೆ ಮೂರು ಸಿಕ್ತು, ನಂಗೆ ಒಂದೂ ಸಿಗಲಿಲ್ಲ. ಮಧ್ಯಾಹ್ನ ಮಳೆ, ನಿದ್ದೆ.

ಸೋಮವಾರ, ಪೊಲಿನ್ಯಿ ಮತ್ತೆ ವಾಪಸ್

ಬೆಳಿಗ್ಗೆ ಅರ್ಧ ಊರು ಮುಚ್ಚಿತ್ತು, ಪುಣ್ಯಕ್ಕೆ ಚೀಸ್ ಅಂಗಡಿ ಇತ್ತು. ಪೊಲಿನ್ಯಿ ಅಂದ್ರೆ ಕೋಂತೆ ಚೀಸಿನ ರಾಜಧಾನಿ. ಒಂದೊಂದು ಚಕ್ರ ಸುಮಾರು 40 ಕೆಜಿ, ಅದಕ್ಕೆ ಸುಮಾರು 400 ಲೀಟರ್ ಹಾಲು, ಅದೂ ಕಾಯಿಸದ ಹಸಿ ಹಾಲು. ಎಳೇದು, ಬಲಿತದ್ದು ಎರಡೂ ತಗೊಂಡು ಹೊರಗೆ ಬೆಂಚ್ ಮೇಲೆ ಕೂತು, ಭಾವನ ಡಿಕ್ಕಿಯಲ್ಲಿದ್ದ ಬಾಟಲಿ ತೆಗೆದ್ವಿ. ಬಲಿತ ಕೋಂತೆ ಕಚ್ಚಿದ್ರೆ ಕರಕರ ಅನ್ನೋ ಸಣ್ಣ ಹರಳು, ಉಪ್ಪು, ಬೆಣ್ಣೆ, ಅದರ ಮೇಲೆ ವ್ಯಾಂ ಜೋನ್ ಒಂದು ಗುಟುಕು. ಈ ಜೋಡಿ ಬಗ್ಗೆ ಎಲ್ರೂ ಹೇಳೋದು ನಿಜ, ನಾನು ಹೊಸದಾಗಿ ಹೇಳೋದೇನಿಲ್ಲ. ಆದ್ರೆ ಎಳೇ ಕೋಂತೆಗೆ ಉಯ್ಯೆ ಸಾವಾನ್ಯಾಂ ಚೆನ್ನಾಗಿ ಕೂಡಿ ಬಂತು, ಅದನ್ನ ಯಾರೂ ಹೇಳಲ್ಲ.

ಹೋಗೋರಿಗೆ ಒಂದು ಮಾತು. ಲೇಬಲ್ ಮೇಲೆ ಬರೀ ಸಾವಾನ್ಯಾಂ ಅಂತಿದ್ರೆ ಯಾವ ಥರದ್ದು ಅಂತ ಗೊತ್ತಾಗಲ್ಲ, ಅಂಗಡಿಯಲ್ಲಿ ಕೇಳಿ. ಉಯ್ಯೆ ಅಂತ ಬರೆದಿದ್ರೆ ತಾಜಾ ಥರದ್ದು, ಟ್ರಾಡಿಸಿಯೋಂ ಅಂತ ಇದ್ರೆ ಸಾಮಾನ್ಯವಾಗಿ ಪದರದ್ದು. ಮೊದಲ ಸಲಕ್ಕೇ ವ್ಯಾಂ ಜೋನ್ ಬೇಡ, ಮುಖ ಸಿಂಡರಿಸ್ತೀರ, ಉಯ್ಯೆ ಕುಡಿದು ದ್ರಾಕ್ಷಿಯ ಪರಿಚಯ ಆದ್ಮೇಲೆ ಅದಕ್ಕೆ ಹೋಗಿ. ವ್ಯಾಂ ಜೋನ್ ಫ್ರಿಜ್ಜಿನಿಂದ ತೆಗೆದು ಸೀದಾ ಕುಡಿಯೋದಲ್ಲ, 15 ಡಿಗ್ರಿ ಹತ್ರ ಇರಬೇಕು, ಕುಡಿಯೋಕೆ ಕೆಲವು ಗಂಟೆ ಮುಂಚೆ ಬಿರಡೆ ತೆಗೆದಿಡಿ. ತೆಗೆದ ಬಾಟಲಿ ವಾರಗಟ್ಟಲೆ ಕೆಡಲ್ಲ, ಗಾಳಿ ಜೊತೆ ಅದರ ಜಗಳ ಪೀಪಾಯಿಯಲ್ಲೇ ಮುಗಿದಿರುತ್ತೆ.

ಇನ್ನು ತರೋ ಲೆಕ್ಕ. ಇಂಡಿಯಾಗೆ ಡ್ಯೂಟಿ ಇಲ್ಲದೆ ತರೋಕೆ ಬಿಡೋದು ತಲೆಗೆ 2 ಲೀಟರ್. ಭಾವ ಮೂರೂ ಕ್ಲಾವ್ಲ್ಯಾಂ ತಗೋ ಅಂದ್ರು, 62 ಮೂರಲ್ಲಿ 186, ಆರಾಮಾಗಿ ಆಗುತ್ತೆ. ನಾನು ಅಂಗಡಿ ಮುಂದೆ ನಿಂತು ಫೋನಲ್ಲಿ ಕೂಡಿಸಿ ನೋಡಿ, ಎರಡು ಕ್ಲಾವ್ಲ್ಯಾಂ, ಒಂದು 75ರ ಉಯ್ಯೆ ತಗೊಂಡೆ. 199 ಸೆಂಟಿಲೀಟರ್.

"ಇನ್ನೊಂದು ಸೆಂಟಿಲೀಟರ್ ಬಿಟ್ಟಿದೀಯಲ್ಲೋ" ಅಂದ್ಲು ಅಕ್ಕ.